‘ತುಳಿ’ಯೋ ‘ಕಾಲಾಡಿಸು’ವೋ? ಮೋಟರ್ ಕೂರಿಸಿದ ಸೈಕಲ್ಲಿನ ಮಾತುಗಳು

ಬಲ್ಲವರಿಗೆಲ್ಲ ನಮಸ್ಕಾರ.

ಶಿರಸಿ ಕಡೆಯ ಕೆಲವು ಹುಡುಗರು ಹಳೇ ಸೈಕಲ್ಲಿಗೆ ಮೋಟರ್, ಬ್ಯಾಟರಿ ಕೂರಿಸಿ ಕರೆಂಟ್ ಸೈಕಲ್ ಮಾಡಿಕೊಳ್ಳುವ ಹುಮ್ಮಸ್ಸಿನಲ್ಲಿದ್ದಾರೆ. ನಾನು ಅಂಥದೊಂದನ್ನು ಕಟ್ಟಿ ಓಡಿಸುತ್ತಿರುವುದರಿಂದ, ಮಾಡುವ ಕ್ರಮವನ್ನೆಲ್ಲ ಕನ್ನಡದಲ್ಲಿ ಬರೆದುಕೊಡಿ ಎಂದು ಗಂಟುಬಿದ್ದರು. ಬರೆಯಲು ಕೂತರೆ ಮೋಟರ್, ಬ್ಯಾಟರಿ, ಕಂಟ್ರೋಲರ್, ಚಾರ್ಜರ್ ಯಾವುದೂ ತೊಂದರೆ ಕೊಡಲಿಲ್ಲ. ಅವೆಲ್ಲ ಎಂದೋ ನಮ್ಮ ಮಾತೇ ಆಗಿಹೋಗಿವೆ. ಪೆನ್ನು ನಿಂತದ್ದು ‘ತುಳಿ’ ಎಂಬ ಅಚ್ಚಗನ್ನಡದ ಮಾತಿನ ಹತ್ತಿರ.

ವಿಷಯ ಹೀಗಿದೆ. ಈ ಸೈಕಲ್ಲುಗಳಲ್ಲಿ ಮೋಟರನ್ನು ಎಬ್ಬಿಸುವ ದಾರಿ ಎರಡು. ಒಂದು, ಸ್ಕೂಟರಿನ ಹಾಗೆ ಹ್ಯಾಂಡಲ್ಲಿನ ಎಕ್ಸಲೇಟರ್ ತಿರುವುವುದು. ಇನ್ನೊಂದು, ಪೆಡಲ್ ಆಡಿದಾಗ ಮೋಟರ್ ತಾನಾಗಿ ಬಂದು ಸೇರಿಕೊಳ್ಳುವುದು. ಈ ಎರಡನೆಯದರಲ್ಲಿ ಮತ್ತೆ ಎರಡು ಬಗೆ. ಅಗ್ಗದ ಕಿಟ್ಟಿನಲ್ಲಿ ಪೆಡಲಿನ ಅಚ್ಚಿಗೆ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ತೊಡಿಸುತ್ತಾರೆ. ಬಿಲ್ಲೆಯ ಸುತ್ತ ಪುಟ್ಟ ಪುಟ್ಟ ಆಯಸ್ಕಾಂತ, ಪಕ್ಕದಲ್ಲಿ ಒಂದು ಸೆನ್ಸರ್. ಬಿಲ್ಲೆ ಮುಂದಕ್ಕೆ ತಿರುಗುತ್ತಿದೆ ಎಂದು ಸೆನ್ಸರಿಗೆ ತಿಳಿದರೆ ಸಾಕು, ಮೋಟರ್ ಶುರು. ಬಿಲ್ಲೆಯನ್ನು ಹಿಂದುಮುಂದಾಗಿ ಹಾಕಿದರೆ ಎಷ್ಟು ಮೆಟ್ಟಿದರೂ ಮೋಟರ್ ಏಳುವುದಿಲ್ಲ. ಕಾಲಿನಲ್ಲಿ ಬಲ ಇದೆಯೋ ಇಲ್ಲವೋ ಎಂಬುದು ಈ ಸೆನ್ಸರಿಗೆ ಬೇಕಿಲ್ಲದ ಸಂಗತಿ. ದುಬಾರಿ ಬಗೆಯದು ಹಾಗಲ್ಲ. ಅದು ಪೆಡಲಿನ ಅಚ್ಚಿನ ಮೇಲೆ ಬೀಳುವ ತಿರುಚುವ ಬಲವನ್ನೇ ಅಳೆಯುತ್ತದೆ. ಮೆಲ್ಲಗೆ ಮೆಟ್ಟಿದರೆ ಮೋಟರೂ ಮೆಲ್ಲಗೆ, ಜೋರಾಗಿ ಮೆಟ್ಟಿದರೆ ಮೋಟರೂ ಜೋರು.

ಈಗ ಹೇಳಿ, ಅಗ್ಗದ ಬಗೆಯಲ್ಲಿ ಸವಾರ ಮಾಡುತ್ತಿರುವುದು ತುಳಿಯುವ ಕೆಲಸವೇ? ಕೆಸರು ತುಳಿಯುವುದು, ಗೋಡೆಗೆ ಮಣ್ಣು ತುಳಿಯುವುದು, ಮೆಟ್ಟಿಲು ತುಳಿಯುವುದು ಎಲ್ಲದರಲ್ಲೂ ಮೈಯ ಭಾರ ಕಾಲಿಗೆ ಇಳಿದಿರುತ್ತದೆ. ಇಲ್ಲಿ ಭಾರವೇ ಇಲ್ಲ, ಪೆಡಲ್ ಖಾಲಿ ಸುತ್ತುತ್ತದೆ. ನನ್ನ ಸೈಕಲ್ ಹತ್ತಿ ಒಂದು ಸುತ್ತು ಹೋಗಿಬಂದ ನೆರೆಮನೆಯ ಹೆಗಡೇರು ಇಳಿದವರೇ ಅಂದರು: “ತುಳಿಯದು ಎಂತಕ್ಕೆ ಮಾರಾಯಾ, ಬರೀ ಕಾಲಾಡ್ಸಿದ್ರೆ ಸಾಕು, ಅದೇ ಎಳ್ಕಂಡು ಹೋಗ್ತು!” ಬಿಲ್ಲೆಯ ಸೆನ್ಸರ್ ಮಾಡುವ ಕೆಲಸವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ. ಹಾಗಾಗಿ ನನ್ನ ಬರಹದಲ್ಲಿ ಅಗ್ಗದ ಬಗೆಗೆ ‘ಕಾಲಾಡಿಸು’, ದುಬಾರಿ ಬಗೆಗೆ ‘ತುಳಿ’ ಎಂದು ಇಟ್ಟುಕೊಂಡಿದ್ದೇನೆ. ‘ಕಾಲಾಡಿಸು’ ಎಂದರೆ ಅಡ್ಡಾಡಿ ಬರುವುದು ಎಂಬ ಅರ್ಥವೂ ಇರುವುದರಿಂದ ಓದುವವರು ಗೊಂದಲ ಮಾಡಿಕೊಂಡಾರೇ ಎಂಬುದು ಮೊದಲ ಪ್ರಶ್ನೆ.

ಇದು ಬರೀ ಪದದ ಚಪಲವಲ್ಲ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಎಂದರೆ ತುಂಬಿದಾಗ ಅದರಲ್ಲಿರುವ ಶಕ್ತಿ (36 × 10) 360 ವ್ಯಾಟ್-ಅವರ್. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಸವಾರ, ಸೈಕಲ್ ಸೇರಿ 90 ಕಿಲೋ ಎಂದಿಟ್ಟುಕೊಂಡರೆ, ಕರಾವಳಿಯ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಅಷ್ಟು ಎತ್ತರಕ್ಕೆ ಬರುವುದಕ್ಕೇ ಸುಮಾರು 150 ವ್ಯಾಟ್-ಅವರ್ ಬೇಕು. ಏರಿನಲ್ಲಿ ಮೋಟರ್ ಬಿಸಿಯಾಗಿ ಪೋಲಾಗುವುದನ್ನು ಸೇರಿಸಿದರೆ ಅದು 200ರ ಆಸುಪಾಸು. 60 ಕಿಲೋಮೀಟರಿನಷ್ಟು ದಾರಿ ಸವೆಸುವ ಲೆಕ್ಕ ಬೇರೆ. ‘ತುಳಿಯುತ್ತಾ ಹೋದರೆ ಬ್ಯಾಟರಿ ಸಾಕಾಗುತ್ತದೆ’ ಎಂದು ನಾನು ಬರೆದೆ ಎನ್ನಿ. ಓದಿದ ಹುಡುಗ ಬರೀ ಕಾಲಾಡಿಸುತ್ತಾ ಹೊರಟರೆ ಊರು ಮುಟ್ಟುವ ಮೊದಲೇ ಚಾರ್ಜ್ ಮುಗಿದು ಸೈಕಲ್ ದೂಡಿಕೊಂಡು ಬರಬೇಕು. ಕಾಲಿನಿಂದ ನಿಜವಾಗಿ ಬಲ ಬಿದ್ದರೆ ಮಾತ್ರ ಮೋಟರಿನ ಹೊರೆ ಇಳಿಯುವುದು.

ಕಾನೂನಿನ ಮಾತೂ ‘ತುಳಿ’ಯ ಮೇಲೆಯೇ ನಿಂತಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟುವಾಗ ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದರೆ ಅದಕ್ಕೂ ಮೊದಲೇ ಮೋಟರ್ ಬಂದ್ ಆಗುವ ಸೈಕಲ್ಲು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೂ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಮನೆಯಲ್ಲಿ ಕಟ್ಟಿದ್ದಕ್ಕೆ ತಾನಾಗಿ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ಹುಡುಗರಿಗೆ ದಪ್ಪ ಅಕ್ಷರದಲ್ಲೇ ಬರೆದುಕೊಟ್ಟಿದ್ದೇನೆ. ಆದರೆ ನಿಯಮದಲ್ಲಿ ಕಾಲಾಡಿಸುವುದಕ್ಕೂ ತುಳಿಯುವುದಕ್ಕೂ ಭೇದವಿಲ್ಲ, ಎರಡೂ ಒಂದೇ.

ನನ್ನ ವಾದಕ್ಕೆ ಎದುರು ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡಬಾರದು. ಹೊಲಿಗೆ ಮಷಿನ್ ನೋಡಿ. ಮೊದಲು ಕಾಲಿನ ಬಲದಿಂದಲೇ ಅದರ ಗಾಲಿ ತಿರುಗುತ್ತಿತ್ತು, ಆಗ ‘ಮಷಿನ್ ತುಳಿ’ ಎನ್ನುವುದು ಸರಿಯೇ. ಈಗ ಎಷ್ಟೋ ಟೈಲರುಗಳು ಮೋಟರ್ ಹಾಕಿಸಿಕೊಂಡಿದ್ದಾರೆ. ಕಾಲಡಿಯ ಪೆಡಲ್ ಈಗ ವೇಗ ಹೆಚ್ಚುಕಡಿಮೆ ಮಾಡುವ ಸ್ವಿಚ್ಚು, ಅಷ್ಟೇ. ಆದರೂ ನಮ್ಮೂರಿನ ಟೈಲರ್ ದಿನವಿಡೀ ‘ಮಷಿನ್ ತುಳಿದು ಸಾಕಾಯ್ತು’ ಎನ್ನುವುದನ್ನು ಬಿಟ್ಟಿಲ್ಲ. ಬಲದ ಮೂಲ ಬದಲಾದರೂ ಕ್ರಿಯಾಪದ ಕದಲದೆ ಕೂತಿದೆ. ಸೈಕಲ್ಲಿನಲ್ಲೂ ಹೀಗೇ ಆಗಿ, ಇನ್ನು ಸ್ವಲ್ಪ ಕಾಲಕ್ಕೆ ‘ತುಳಿ’ ಎಂಬುದು ಎಕ್ಸಲೇಟರ್ ತಿರುವುವುದನ್ನೂ ಒಳಗೆ ಹಾಕಿಕೊಂಡೀತೇ? ನನಗೇನೋ ಅನುಮಾನ. ಟೈಲರಿನ ಕಾಲು ಪೆಡಲಿನ ಮೇಲಾದರೂ ಇರುತ್ತದೆ, ಎಕ್ಸಲೇಟರ್ ಇರುವುದು ಕೈಯಲ್ಲಿ.

ಈ ತಾಪತ್ರಯವೇ ಇಲ್ಲದವರು ‘ಸೈಕಲ್ ಹೊಡೆ’ ಎನ್ನುವವರು. ಎತ್ತಿನ ಗಾಡಿ ಹೊಡೆ, ಲಾರಿ ಹೊಡೆ, ಸೈಕಲ್ ಹೊಡೆ. ಎಳೆಯುವುದು ಎತ್ತೋ ಡೀಸೆಲ್ಲೋ ಕಾಲೋ, ಆ ಮಾತಿಗೆ ಎಲ್ಲ ಒಂದೇ. ಕಾರವಾರ, ಹಳಿಯಾಳದ ಕಡೆಯವರು ಇದನ್ನು ಎಷ್ಟು ಬಳಸುತ್ತಾರೆ, ಅದರಲ್ಲಿ ಮರಾಠಿ, ಕೊಂಕಣಿಯ ಪಾಲೆಷ್ಟು ಎಂದು ತಿಳಿದವರು ಹೇಳಬೇಕು.

ಇನ್ನು ಮೋಟರ್ ಕೊಡುವ ಈ ಬೆಂಬಲಕ್ಕೆ ಏನೆನ್ನೋಣ? ‘ಪೆಡಲ್ ಅಸಿಸ್ಟ್’ ಎಂಬುದು ಕಿಟ್ಟಿನ ಡಬ್ಬದ ಮೇಲಿರುವ ಮಾತು, ಹಳ್ಳಿಯ ಬಾಯಲ್ಲಿ ನಿಲ್ಲುತ್ತಿಲ್ಲ. ‘ಸಹಾಯ’, ‘ನೆರವು’ ಎಂದರೆ ಕೈಲಾಗದವನಿಗೆ ಕೊಟ್ಟ ಹಾಗೆ ಕೇಳುತ್ತದೆ. ನಾನು ‘ಒತ್ತಾಸೆ’ ಎಂದು ಬಳಸಿದ್ದೇನೆ. ಒಬ್ಬ ಮುಂದೆ ನಿಂತು ಕೆಲಸ ಮಾಡುವಾಗ ಇನ್ನೊಬ್ಬ ಬೆನ್ನಿಗೆ ನಿಂತರೆ ಅದು ಒತ್ತಾಸೆ. ಮುಂದಿನವನು ಕೈಬಿಟ್ಟರೆ ಹಿಂದಿನವನಿಗೂ ಕೆಲಸವಿಲ್ಲ. ಮೋಟರ್ ಮಾಡುವುದೂ ಅದನ್ನೇ. ಕಂಟ್ರೋಲರಿನಲ್ಲಿ 1ರಿಂದ 5ರವರೆಗೆ ಹಂತಗಳಿದ್ದರೆ ‘ಒತ್ತಾಸೆ 1’, ‘ಒತ್ತಾಸೆ 5’ ಎಂದರೂ ಬಾಯಿಗೆ ಕೂರುತ್ತದೆ. ಒಂದೇ ತೊಡಕು. ಪತ್ರಿಕೆಗಳಲ್ಲಿ ‘ಸ್ನೇಹಿತರ ಒತ್ತಾಸೆಗೆ ಮಣಿದು’ ಎಂದು ಬರೆದು, ಈ ಪದವನ್ನು ‘ಒತ್ತಾಯ’ದ ಅಣ್ಣತಮ್ಮನನ್ನಾಗಿ ಮಾಡಿಬಿಟ್ಟಿದ್ದಾರೆ. ಈಗಿನ ಹುಡುಗರಿಗೆ ಮೊದಲು ಹೊಳೆಯುವ ಅರ್ಥ ಅದೇ ಆದರೆ ನನ್ನ ಆಯ್ಕೆ ಕೆಟ್ಟಿತು.

ಬಿಡಿಭಾಗಗಳಲ್ಲಿ ಎರಡು ಮೂರು ಮಾತು ಉಳಿದಿವೆ. ಗಾಲಿಯ ನಡುವೆ ಕೂರುವ ಮೋಟರಿಗೆ ‘ಹಬ್ ಮೋಟರ್’ ಎನ್ನುವುದು ರೂಢಿ. ಎತ್ತಿನ ಗಾಡಿಯ ಗಾಲಿಯ ನಡುಭಾಗಕ್ಕೆ ಇರುವ ‘ಗುಂಬ’ ಎಂಬ ಮಾತನ್ನು ತಂದು ‘ಗುಂಬದ ಮೋಟರ್’ ಎಂದು ಬರೆದು ನೋಡಿದೆ, ಹುಡುಗರು ನಕ್ಕರು. ಗಾಡಿಯನ್ನೇ ನೋಡದವರಿಗೆ ಗುಂಬ ಎಲ್ಲಿಂದ ಬರಬೇಕು? ‘ಹಬ್’ ಎಂದೇ ಬಿಟ್ಟಿದ್ದೇನೆ. ‘ಗೇರ್ ಮೋಟರ್’ ಇನ್ನೂ ಫಜೀತಿಯದು. ಒಳಗೆ ಹಲ್ಲುಚಕ್ರಗಳಿದ್ದು, ಕರೆಂಟ್ ಇಲ್ಲದಾಗ ಸಲೀಸಾಗಿ ಉರುಳುವ ಹಗುರ ಮೋಟರ್ ಅದು. ಆದರೆ ನಮ್ಮಲ್ಲಿ ‘ಗೇರ್ ಸೈಕಲ್’ ಎಂದರೆ ಹಿಂದಿನ ಗಾಲಿಗೆ ಹಲ್ಲಿನ ಬಿಲ್ಲೆಗಳ ಸಾಲು ಇರುವುದು, ಹಾಗಾಗಿ ‘ಗೇರ್ ಎಲ್ಲಿ ಹಾಕೋದು?’ ಎಂದು ಎಲ್ಲರೂ ಕೇಳುತ್ತಾರೆ. (ಅಂಕೋಲೆಯವರು ಮೊದಲು ಗೇರುಬೀಜ ನೆನೆಸಿಕೊಳ್ಳುತ್ತಾರೆ, ಅದು ಬೇರೆ ಮಾತು.) ‘ಹಲ್ಲಿನ ಮೋಟರ್’ ಎನ್ನಬಹುದೇ?

ಕೊನೆಯದು, ಹೆಸರು ಸಿಗದಿದ್ದರೂ ಬಿಡಲಾಗದ ತುಂಡು. ಹಬ್ ಮೋಟರಿನ ಅಚ್ಚಿನ ತುದಿಗಳು ದುಂಡಗಿಲ್ಲ, ಎರಡು ಬದಿ ಚಪ್ಪಟೆಯಾಗಿ, ಫ್ರೇಮಿನ ಇಲ್ಲವೇ ಫೋರ್ಕಿನ (ಮುಂದಿನ ಗಾಲಿ ಹಿಡಿಯುವ ಕವಲಿನ) ಸೀಳಿನಲ್ಲಿ ಕೂರುತ್ತವೆ. ಮೋಟರ್ ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಸೀಳು ಅಗಲವಾಗಿ ಅಚ್ಚು ಸುತ್ತಿಬಿಟ್ಟರೆ ಅದರೊಳಗಿಂದ ಬಂದ ವಯರ್ ತಿರುಚಿ ಹರಿದುಹೋಗುತ್ತದೆ, ಮುಂದಿನ ಗಾಲಿಯಾದರೆ ಗಾಲಿಯೇ ಕಳಚಿ ಬೀಳಬಹುದು. ಅಲ್ಯೂಮಿನಿಯಂ ಫೋರ್ಕಿನಲ್ಲಿ ಅಪಾಯ ಹೆಚ್ಚು, ನಮ್ಮ ಹಳೇ ಕಬ್ಬಿಣದ ಸೈಕಲ್ಲೇ ವಾಸಿ. ಅಚ್ಚನ್ನು ಬಿಗಿಯಾಗಿ ಹಿಡಿದು ಫ್ರೇಮಿಗೆ ಕಟ್ಟಿಕೊಳ್ಳುವ ಉಕ್ಕಿನ ಪಟ್ಟಿಯೊಂದನ್ನು ಇದಕ್ಕಾಗಿ ಹಾಕುತ್ತಾರೆ. ನನಗೆ ಅದನ್ನು ಕೊರೆದುಕೊಟ್ಟ ಲೇಥ್ ಅಂಗಡಿಯವರು ‘ಲಾಕ್ ಪಟ್ಟಿ’ ಎಂದರು, ನಾನೂ ಹಾಗೇ ಬರೆದೆ. ಕುಮಟಾ, ಹೊನ್ನಾವರ, ಭಟ್ಕಳದ ಸೈಕಲ್ ಅಂಗಡಿಗಳಲ್ಲಿ ಇದಕ್ಕೆ ಬೇರೆ ಹೆಸರು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಯಾವ ಊರಿನ ಮಾತು ಎಂದೂ ಸೇರಿಸಿ.