ಚಿಟ್ಟೆಯದು ಸೋಗು, ಪತಂಗದ್ದು ಮರೆ: ಎರಡಕ್ಕೂ 'ಛದ್ಮವೇಷ' ಸರಿಯೇ?

ಕೀಟಗಳ ಬಗೆಗಿನ ಬರಹವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಕ್ಯಾಮೊಫ್ಲಾಜ್ (ಮೈಬಣ್ಣ, ಆಕಾರಗಳಿಂದ ಬೇಟೆಗಾರನ ಕಣ್ಣು ತಪ್ಪಿಸುವುದು) ಬಂದಲ್ಲೆಲ್ಲ 'ಛದ್ಮವೇಷ' ಎಂದು ಹಾಕಿದ್ದಾರೆ. ಒಂದು ಕಡೆ ಒಪ್ಪಿತು, ಇನ್ನೊಂದು ಕಡೆ ಯಾಕೋ ಕೂರಲಿಲ್ಲ.

ಒಪ್ಪಿದ್ದು ಒಣಎಲೆ ಚಿಟ್ಟೆಗೆ, ಅಂದರೆ ಕಲ್ಲಿಮಾ ಇನಾಕಸ್‌ಗೆ. ರೆಕ್ಕೆ ಬಿಚ್ಚಿದಾಗ ನೀಲಿ, ಕಿತ್ತಳೆ. ಕೂತು ಮಡಿಚಿತೋ, ಬರೀ ತರಗೆಲೆ: ತೊಟ್ಟು, ನಡುನರ, ಬೂಷ್ಟು ಹಿಡಿದಂಥ ಕಲೆ ಎಲ್ಲವೂ ಉಂಟು. ಹಕ್ಕಿಗೆ ಅದು ಕಾಣುತ್ತದೆ, ಆದರೆ ಎಲೆಯಾಗಿ. ಇದು ವೇಷವೇ ಸರಿ. 'ಸೋಗು' ಎಂದರೆ ಇನ್ನೂ ಚೆನ್ನ.

ಕೂರದಿದ್ದುದು ಇಂಗ್ಲೆಂಡಿನ ಬಿಸ್ಟನ್ ಬೆಟುಲೇರಿಯಾ ಪತಂಗಕ್ಕೆ. ಬಿಳಿ ರೆಕ್ಕೆಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತಿರುತ್ತದೆ. ಅದನ್ನು ಹರಡಿಕೊಂಡು ಕಲ್ಲುಹೂವು ಬೆಳೆದ ತೊಗಟೆಗೆ ಅಂಟಿ ಕೂರುತ್ತದೆ. ಇಲ್ಲಿ ಯಾವ ವೇಷವೂ ಇಲ್ಲ; ಕಣ್ಣಿಗೇ ಬೀಳುವುದಿಲ್ಲ, ಅಷ್ಟೆ. ಇದಕ್ಕೆ 'ಮರೆ' ಸಾಕೆಂದು ನನ್ನ ಅನಿಸಿಕೆ. 'ಮೈಮರೆ' ಎನ್ನೋಣವೆಂದುಕೊಂಡೆ, ಆದರೆ ಮೈಮರೆತ ಪತಂಗ ಹಕ್ಕಿಯ ಪಾಲೇ!

ಅದೇ ಬರಹದಲ್ಲಿ 'ಕಾರ್ಖಾನೆಗಳ ಮಸಿಯಿಂದಾಗಿ ಪತಂಗ ಬಣ್ಣ ಬದಲಿಸಿತು' ಎಂದೂ ಇದೆ. ಇದನ್ನಂತೂ ಹೊಡೆದುಹಾಕಿದೆ. 'ಬಣ್ಣ ಬದಲಿಸು' ಎಂದೊಡನೆ ನಮಗೆ ಊಸರವಳ್ಳಿ ನೆನಪಾಗುತ್ತದೆ. ರೆಕ್ಕೆ ಬಂದ ಮೇಲೆ ಯಾವ ಪತಂಗವೂ ಬಣ್ಣ ಬದಲಿಸಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿ 1848ರಲ್ಲಿ ಅಪರೂಪವೆಂದು ದಾಖಲಾಗಿದ್ದ ಕಪ್ಪು ಬಗೆ, 1895ರ ಹೊತ್ತಿಗೆ ಅಲ್ಲಿ ಸುಮಾರು ಶೇ. 98ರಷ್ಟಿತ್ತು. ಮಸಿ ಹಿಡಿದ ತೊಗಟೆಯ ಮೇಲೆ ಬಿಳಿಯವು ಎದ್ದು ಕಂಡು ಹಕ್ಕಿಗಳಿಗೆ ಆಹಾರವಾದವು, ಕರಿಯವು ಉಳಿದು ಮೊಟ್ಟೆಯಿಟ್ಟವು. ಹಾಗಾಗಿ 'ಕಪ್ಪು ಪತಂಗಗಳೇ ಹೆಚ್ಚಾದವು' ಎಂದು ತಿದ್ದಿದ್ದೇನೆ. ಗಾಳಿ ತಿಳಿಯಾದ ಮೇಲೆ ಲೆಕ್ಕ ಮತ್ತೆ ತಿರುಗಿತು.

ಇಷ್ಟು ಅಚ್ಚುಕಟ್ಟಾಗಿ ಎರಡು ಪದ ಹಂಚಿಟ್ಟ ಮೇಲೆ ತೊಡಕು ಬಂದದ್ದು ಇದೇ ಪತಂಗದ ಮರಿಹುಳುವಿನಿಂದ. ಅದು ಕೊಂಬೆಯಿಂದ ಓರೆಯಾಗಿ ಸೆಟೆದು ನಿಂತು ಕಡ್ಡಿಯ ಸೋಗು ಹಾಕುತ್ತದೆ. ಸಾಲದೆಂಬಂತೆ, ಹಸಿರು ಕಡ್ಡಿಯಿದ್ದಲ್ಲಿ ಹಸಿರು, ಕಂದು ಇದ್ದಲ್ಲಿ ಕಂದು. ಬೆಳೆಯುತ್ತ ನಿಜವಾಗಿಯೂ ಬಣ್ಣ ಬದಲಿಸುತ್ತದೆ! ಸೋಗು, ಮರೆ ಎರಡೂ ಒಂದೇ ಹುಳುವಿನಲ್ಲಿ. ಇವೆರಡನ್ನೂ ಒಳಗೊಳ್ಳುವ, 'ಛದ್ಮವೇಷ'ದಷ್ಟು ನಾಟಕೀಯವಲ್ಲದ ಒಂದು ಹಿರಿಪದ ಬೇಕಾಗಿದೆ. 'ಕಣ್ಮರೆಸು' ಆದೀತೇ? ಬಳಸಿ ನೋಡಿದವರಿದ್ದರೆ ಒಂದೆರಡು ವಾಕ್ಯ ಬರೆದು ತೋರಿಸಿ.