ಕಬಿನಿ ದಡದ ಲಾಡ್ಜ್: ದುಡ್ಡು ಊರಿನವರಿಗೂ ಸೇರುತ್ತಾ?

ಪ್ರಶ್ನೆ: ಮಾರ್ಚ್ ಕೊನೆಗೆ ಅಪ್ಪ ಅಮ್ಮನ ಜೊತೆ ಎರಡು ರಾತ್ರಿ ಕಬಿನಿ ದಡದಲ್ಲಿ ಉಳಿಯೋಣ ಅಂತಿದ್ದೇವೆ. ಪ್ರಾಣಿ ನೋಡುವ ಆಸೆ ಇದೆ, ಆದರೆ ಕೊಡುವ ದುಡ್ಡಲ್ಲಿ ಸ್ವಲ್ಪವಾದರೂ ಅಲ್ಲಿನವರಿಗೆ ಸೇರಬೇಕು. ಎಲ್ಲಿ ಉಳಿಯಬಹುದು?

ಉತ್ತರ 1: ಒಳ್ಳೆ ಸಮಯ. ಬೇಸಿಗೆಯಲ್ಲಿ ಹಿನ್ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಬರುತ್ತೆ, ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ನಾನು ಕಾರಾಪುರದ ಕಬಿನಿ ರಿವರ್ ಲಾಡ್ಜ್‌ನಲ್ಲಿದ್ದೆ, ಅದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನದ್ದು. ಬೋಟ್ ಓಡಿಸಿದ ಅಣ್ಣ ಪಕ್ಕದ ಊರಿನವರೇ. ಇದ್ದಕ್ಕಿದ್ದಂತೆ ಎಂಜಿನ್ ನಿಲ್ಲಿಸಿ ಸುಮ್ನೆ ಕೈ ತೋರಿಸಿದರು, ನೋಡಿದರೆ ತಾಯಿಯ ಕಾಲುಗಳ ಮಧ್ಯೆ ಒಂದು ಮರಿ, ಸೊಂಡಿಲ ತುಂಬಾ ಕೆಸರು, ನೀರು ಕುಡಿಯೋಕೆ ಬರದೆ ಬಾಯನ್ನೇ ನೀರಿಗೆ ಇಡ್ತಾ ಇತ್ತು.

ಉತ್ತರ 2: ನಾನು ಎಚ್.ಡಿ. ಕೋಟೆ ಕಡೆಯವನು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು, ಕಾಡಲ್ಲಿದ್ದ ಜೇನು ಕುರುಬ ಬುಡಕಟ್ಟಿನವರು ಎಷ್ಟೋ ಜನ ಹೊರಗೆ ಹಾಡಿಗಳಿಗೆ, ಅಂದ್ರೆ ಬುಡಕಟ್ಟಿನವರ ಸಣ್ಣ ಊರುಗಳಿಗೆ, ಬಂದರು. ಆ ಕಾಡು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಅದಕ್ಕೇ ಬುಕ್ ಮಾಡುವ ಮುಂಚೆ ಫೋನ್ ಮಾಡಿ ನೇರವಾಗಿ ಕೇಳಿ: ಹಾಡಿಯವರು ಎಷ್ಟು ಜನ ಕೆಲಸದಲ್ಲಿದ್ದಾರೆ, ಬರೀ ಕಸ ಗುಡಿಸೋಕಾ, ಗೈಡ್ ಆಗಿಯೂ ಇದ್ದಾರಾ? ತರಕಾರಿ, ಜೇನುತುಪ್ಪ ಎಲ್ಲಿಂದ ತರ್ತೀರಿ?

ಉತ್ತರ 3: ಇನ್ನೊಂದು ಮಾತು. ಒಂದು ರೆಸಾರ್ಟ್‌ನವರು ನಮ್ಮನ್ನು ಹಾಡಿ ತೋರಿಸ್ತೀವಿ ಅಂತ ಕರ್ಕೊಂಡು ಹೋದರು, ಜೊತೆಗೆ ಬಂದಿದ್ದ ಜನ ಯಾರನ್ನೂ ಕೇಳದೆ ಅಲ್ಲಿನ ಮಕ್ಕಳ ಫೋಟೋ ತೆಗೆದರು. ತುಂಬಾ ಬೇಜಾರಾಯ್ತು. ಅಂಥದ್ದಕ್ಕೆ ಹೋಗಬೇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾಳೆನೇ ಫೋನ್ ಮಾಡ್ತೀನಿ, ಗೈಡ್ ಪ್ರಶ್ನೆನೇ ಮೊದಲು.