ಬ್ರಿಟನ್‌ನಲ್ಲಿ ಶೇ 14 ಮತಕ್ಕೆ 5 ಸೀಟು, ಶೇ 12ಕ್ಕೆ 72: ಇದ್ಯಾವ ಲೆಕ್ಕ ಗುರು?

ಕಲ್ಪತರು (ತುಮಕೂರು)

ಲಂಡನ್ ರಾಜಕೀಯ ತಿಳಿದೋರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಕೇಳ್ತಿದೀನಿ. 2024ರ ಜುಲೈ 4ರ ಚುನಾವಣೆಯಲ್ಲಿ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ ಶೇ 14.3 ಮತ ಬಿತ್ತು, ಸಿಕ್ಕಿದ್ದು 5 ಸೀಟು. ಲಿಬರಲ್ ಡೆಮಾಕ್ರಾಟ್‌ಗೆ ಶೇ 12.2 ಮತ, ಸೀಟು ಮಾತ್ರ 72. ಈಗ ಸಮೀಕ್ಷೆಗಳಲ್ಲಿ ಅದೇ ರಿಫಾರ್ಮ್ ಎಲ್ಲರಿಗಿಂತ ಮುಂದೆ, ಶೇ 30ರ ಆಸುಪಾಸು. ಹೀಗೇ ಹೋದ್ರೆ ಮುನ್ನೂರು ಸೀಟು ದಾಟ್ತಾರೆ ಅಂತಾರೆ. ಶೇ 14ಕ್ಕೆ 5 ಆದ್ರೆ ಶೇ 30ಕ್ಕೆ ಹನ್ನೊಂದು ಆಗಬೇಕು. ಹೋಗ್ಲಿ, ಐವತ್ತು ಅನ್ನಿ. ಮುನ್ನೂರು ಎಲ್ಲಿಂದ ಬಂತು?

ಜೊತೆಗೆ ಇನ್ನೆರಡು. ಅಲ್ಲಿ ಎಂಪಿ ಪಕ್ಷ ಬಿಟ್ಟು ಹಾರಿದ್ರೆ ಉಪಚುನಾವಣೆ ಇಲ್ವಾ? ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡಿರೋ ನಮ್ಮ ಕಡೆ ಹುಡುಗರು 2026ರ ಮೇ 7ರ ಸ್ಥಳೀಯ ಚುನಾವಣೆಗೆ ಅಲ್ಲಿ ಓಟು ಹಾಕಬಹುದು ಅಂತಾರಲ್ಲ, ನಿಜವಾ?

ಶಿರಾ ಗೇಟ್

ನಿಮ್ಮ ಲೆಕ್ಕ ತಪ್ಪಿರೋದು ಒಂದೇ ಕಡೆ: ಶೇಕಡಾವಾರು ಮತವನ್ನ ಸೀಟಿಗೆ ನೇರವಾಗಿ ಭಾಗಿಸಿದ್ದೀರಿ. 650 ಕ್ಷೇತ್ರ ಅಂದ್ರೆ 650 ಬೇರೆ ಬೇರೆ ಓಟದ ಪಂದ್ಯ. ಎರಡನೇ ಸ್ಥಾನಕ್ಕೆ ಏನೂ ಇಲ್ಲ.

ದೂರ ಹೋಗೋದೇ ಬೇಡ, ನಮ್ಮ 2018ರ ವಿಧಾನಸಭೆ ನೋಡಿ. ಕಾಂಗ್ರೆಸ್‌ಗೆ ಶೇ 38, ಸೀಟು 80. ಬಿಜೆಪಿಗೆ ಶೇ 36, ಸೀಟು 104. ಜೆಡಿಎಸ್‌ಗೆ ಬರೀ ಶೇ 18, ಆದ್ರೂ 37. ಜೆಡಿಎಸ್ ಮತ ಹಳೇ ಮೈಸೂರು ಕಡೆ ಒಂದೇ ಕಣದಲ್ಲಿ ರಾಶಿ ಬಿದ್ದಿತ್ತು, ಅದಕ್ಕೇ ಆ 37. ಬ್ರಿಟನ್‌ನ ಲಿಬರಲ್ ಡೆಮಾಕ್ರಾಟ್ ಅಂದ್ರೆ ಅದೇ ಜಾತಿ: ದಕ್ಷಿಣ ಇಂಗ್ಲೆಂಡಿನ ಕನ್ಸರ್ವೇಟಿವ್ ಕೋಟೆಗಳನ್ನ ಆರಿಸಿಕೊಂಡು ಅಲ್ಲೇ ಗೇಯ್ದರು, ಮಿಕ್ಕ ಕಡೆ ಹೆಸರಿಗೆ ಅಭ್ಯರ್ಥಿ ನಿಲ್ಲಿಸಿದರು. ರಿಫಾರ್ಮ್ ಮತ ಮಾತ್ರ ರಾಗಿ ಎರಚಿದ ಹಾಗೆ ದೇಶದುದ್ದಕ್ಕೂ ಸಮನಾಗಿ ಬಿತ್ತು. 41 ಲಕ್ಷ ಮತ, ಆದ್ರೆ ಎಲ್ಲಿ ನೋಡಿದ್ರೂ ಎರಡು, ಮೂರನೇ ಸ್ಥಾನ.

ಈಗ ಒಂದು ಕ್ಷೇತ್ರ ಇಟ್ಕೊಂಡು ನೋಡೋಣ. 2024ರಲ್ಲಿ ಒಂದೊಂದರಲ್ಲೂ ಸರಾಸರಿ 44 ಸಾವಿರ ಮತ ಬಿದ್ದವು. ಎರಡೇ ದೊಡ್ಡ ಪಕ್ಷ ಇದ್ದ ಕಾಲದಲ್ಲಿ ಗೆಲ್ಲೋಕೆ 20 ಸಾವಿರ ಬೇಕಿತ್ತು. ಅದೇ 44 ಸಾವಿರ ಐದು ಪಾಲಾಗಿ ಶೇ 30, 27, 18, 15, 10 ಅಂತ ಹಂಚಿದ್ರೆ? ಮೊದಲನೆಯವನಿಗೆ 13,200, ಎರಡನೆಯವನಿಗೆ 11,880. 13,200ಕ್ಕೇ ಸೀಟು. ಮತ ಸಮನಾಗಿ ಹರಡಿರೋ ಪಕ್ಷ ಶೇ 14ರಲ್ಲಿದ್ರೆ ಎಲ್ಲಾ ಕಡೆ ಸೋಲು, ಶೇ 30 ಮುಟ್ಟಿದ್ರೆ ಬಹುಪಾಲು ಕಡೆ ಗೆಲುವು. ಹರಡಿಕೊಂಡಿದ್ದೇ ಶಾಪ ಆಗಿತ್ತು, ಅದೇ ವರ ಆಗುತ್ತೆ. ಮಧ್ಯದಲ್ಲಿ ಮೆಟ್ಟಿಲು ಇಲ್ಲ, ನೇರ ಗೋಡೆ. ಶೇ 25ರಿಂದ 30ರ ಒಳಗೆ ಒಂದೊಂದು ಅಂಶ ಏರಿದ್ರೂ ಹತ್ತಾರು ಸೀಟು ಮಗುಚುತ್ತೆ.

ಇದೇನು ಊಹೆ ಅಲ್ಲ. 2019ರಲ್ಲಿ ಲೇಬರ್‌ಗೆ ಶೇ 32.1, ಸೀಟು 202. 2024ರಲ್ಲಿ ಶೇ 33.7, ಸೀಟು 411. ಇನ್ನೂ ತಮಾಷೆ ಅಂದ್ರೆ ಲೇಬರ್‌ಗೆ ಬಿದ್ದ ಮತದ ಸಂಖ್ಯೆ ಕಡಿಮೆ ಆಗಿತ್ತು, 1 ಕೋಟಿ 2 ಲಕ್ಷ ಇದ್ದದ್ದು 97 ಲಕ್ಷಕ್ಕೆ ಇಳೀತು. ಎದುರಾಳಿ ಕನ್ಸರ್ವೇಟಿವ್ ಶೇ 43.6ರಿಂದ 23.7ಕ್ಕೆ ಬಿದ್ದಿದ್ದೇ ಕಾರಣ. ಹಾಗಾಗಿ ಸಮೀಕ್ಷೆ ಓದುವಾಗ ಮೊದಲನೇ ಪಕ್ಷ ಎಷ್ಟು ಏರ್ತು ಅನ್ನೋದಕ್ಕಿಂತ ಒಂದನೇ ಪಕ್ಷಕ್ಕೂ ಎರಡನೇದಕ್ಕೂ ಅಂತರ ಎಷ್ಟು ಅಂತ ನೋಡಿ.

ಬಂಗಾರಪೇಟೆ ಲೋಕಲ್

ಶಿರಾ ಗೇಟ್ ಹೇಳಿದ ಗೋಡೆ ಲೆಕ್ಕ ಸರಿ. ಆದ್ರೆ ಅದರಲ್ಲಿ ಒಂದು ತೂತಿದೆ: ಮಿಕ್ಕ ನಾಲ್ವರ ಮತ ಅವರವರ ಹತ್ರವೇ ಉಳಿಯುತ್ತೆ ಅಂತ ಹಿಡಿದಿದ್ದೀರಿ. ಉಳಿಯಲ್ಲ.

2025ರ ಅಕ್ಟೋಬರ್ 23ಕ್ಕೆ ವೇಲ್ಸ್‌ನ ಕೇರ್‌ಫಿಲಿ ಉಪಚುನಾವಣೆ ಆಯ್ತಲ್ಲ. ರಿಫಾರ್ಮ್ ಗೆಲ್ಲುತ್ತೆ ಅಂತಿದ್ರು. ರಿಫಾರ್ಮ್‌ಗೆ ಶೇ 36 ಬಂತು, ಐದು ಪಾಲಿನ ಲೆಕ್ಕದಲ್ಲಿ ಆರಾಮಾಗಿ ಗೆಲ್ಲೋ ಮತ. ಆದ್ರೆ ಗೆದ್ದದ್ದು ವೇಲ್ಸ್‌ನ ಪ್ರಾದೇಶಿಕ ಪಕ್ಷ ಪ್ಲೈಡ್ ಕಮ್ರಿ, ಶೇ 47. ಲೇಬರ್ ತನ್ನ ಸ್ವಂತ ಕೋಟೆಯಲ್ಲಿ ಶೇ 11ಕ್ಕೆ ಕುಸಿದು ಮೂರನೇ ಸ್ಥಾನ. ರಿಫಾರ್ಮ್ ಬೇಡ ಅನ್ನೋರೆಲ್ಲ ಗೆಲ್ಲೋ ಕುದುರೆ ಯಾವುದು ಅಂತ ನೋಡಿ ಒಂದೇ ಕಡೆ ಹಾಕಿದರು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಪಕ್ಷ ನೋಡದೆ 'ಇವನನ್ನ ಸೋಲಿಸೋಕೆ ಅವನು' ಅಂತ ಹಾಕ್ತಾರಲ್ಲ, ಅದೇ ಚಾಳಿ.

ಇದು ಕೈ ಕೊಡೋದೂ ಉಂಟು. ಎರಡನೇ ಸ್ಥಾನದಲ್ಲಿ ಯಾರಿದ್ದಾರೆ ಅಂತ ಜನಕ್ಕೆ ಸ್ಪಷ್ಟ ಆಗದಿದ್ರೆ ಮತ ಚೆದುರುತ್ತೆ. 2025ರ ಮೇ 1ಕ್ಕೆ ರನ್‌ಕಾರ್ನ್ ಆಂಡ್ ಹೆಲ್ಸ್‌ಬಿ ಉಪಚುನಾವಣೆಯಲ್ಲಿ ರಿಫಾರ್ಮ್ ಗೆದ್ದದ್ದು 6 ಮತದಿಂದ. ಆರೇ ಆರು! 2023ರಲ್ಲಿ ನಮ್ಮ ಮಾಲೂರಿನ 248ರ ಅಂತರಕ್ಕೇ ಕೋರ್ಟು ಕಚೇರಿ ಅಲೆದಾಟ ಆಯ್ತು. ರನ್‌ಕಾರ್ನ್‌ನಲ್ಲಿ ಗ್ರೀನ್, ಲಿಬ್ ಡೆಮ್ ಕಡೆಯಿಂದ ಬೆರಳೆಣಿಕೆ ಜನ ಲೇಬರ್‌ಗೆ ಸರಿದಿದ್ರೂ ಫಲಿತಾಂಶ ತಿರುಗುತ್ತಿತ್ತು. ಅದೇ ದಿನದ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ 677 ಕೌನ್ಸಿಲರ್ ಸೀಟು, 10 ಕೌನ್ಸಿಲ್ ಹಿಡಿಯಿತು, ಅದನ್ನೂ ಮರೀಬೇಡಿ.

ನನ್ನ ಪ್ರಕಾರ ರಿಫಾರ್ಮ್ ದೊಡ್ಡ ಪಕ್ಷ ಆಗಬಹುದು, ಬಹುಮತದ 326 ಮುಟ್ಟೋದು ಬೇರೆ ಮಾತು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

326 ಅನ್ನೋದು ಪುಸ್ತಕದ ಲೆಕ್ಕ. ಉತ್ತರ ಐರ್ಲೆಂಡಿನ ಶಿನ್ ಫೇನ್ ಪಕ್ಷದ 7 ಎಂಪಿಗಳು ಸದನಕ್ಕೇ ಬರಲ್ಲ, ರಾಜನ ಹೆಸರಲ್ಲಿ ಪ್ರಮಾಣ ಮಾಡಲ್ಲ ಅಂತ. ಸ್ಪೀಕರ್, ಉಪಸ್ಪೀಕರ್‌ಗಳು ಮತ ಹಾಕಲ್ಲ. ಹಾಗಾಗಿ 322, 323 ಇದ್ರೂ ಸರ್ಕಾರ ನಡೆಯುತ್ತೆ.

ಪಕ್ಷಾಂತರದ ಪ್ರಶ್ನೆಗೆ ಬರ್ತೀನಿ. ಅಲ್ಲಿ ಪಕ್ಷಾಂತರ ನಿಷೇಧ ಕಾನೂನೇ ಇಲ್ಲ. ನಮ್ಮ 10ನೇ ಷೆಡ್ಯೂಲ್ 1985ರದ್ದು, ಬ್ರಿಟನ್‌ನಲ್ಲಿ ಅದಕ್ಕೆ ಸಮಾನ ಅನ್ನೋದು ಹುಟ್ಟೇ ಇಲ್ಲ. 2019ರಲ್ಲಿ ನಮ್ಮಲ್ಲಿ ಏನಾಯ್ತು ನೆನಪಿದೆಯಲ್ಲ: ಸ್ಪೀಕರ್ ರಮೇಶ್ ಕುಮಾರ್, ಅಂದ್ರೆ ನಮ್ಮ ಪಕ್ಕದ ಶ್ರೀನಿವಾಸಪುರದವರೇ, 17 ಶಾಸಕರನ್ನ ಅನರ್ಹ ಮಾಡಿದರು. ಅದರಲ್ಲಿ ಚಿಕ್ಕಬಳ್ಳಾಪುರದ ಸುಧಾಕರ್ ಒಬ್ಬರು. ಡಿಸೆಂಬರ್‌ನಲ್ಲಿ ಉಪಚುನಾವಣೆಗೆ ನಿಂತು ಬಿಜೆಪಿಯಿಂದ ಗೆದ್ದು ಬಂದರು. ಲಂಡನ್‌ನಲ್ಲಿ ಆಗಿದ್ರೆ ಸದನದ ಈ ಬೆಂಚಿಂದ ಎದ್ದು ಆ ಬೆಂಚಿಗೆ ಕೂತಿದ್ರೆ ಸಾಕಿತ್ತು. 2024ರ ಮಾರ್ಚ್‌ನಲ್ಲಿ ಲೀ ಆಂಡರ್ಸನ್ ರಿಫಾರ್ಮ್‌ಗೆ ಹೋದದ್ದು, ಅದೇ ಮೇನಲ್ಲಿ ನಟಾಲಿ ಎಲ್ಫಿಕ್ ಕನ್ಸರ್ವೇಟಿವ್‌ನಿಂದ ಲೇಬರ್‌ಗೆ ಬಂದದ್ದು, 2025ರ ಸೆಪ್ಟೆಂಬರ್‌ನಲ್ಲಿ ಡ್ಯಾನಿ ಕ್ರೂಗರ್ ರಿಫಾರ್ಮ್ ಸೇರಿದ್ದು, ಎಲ್ಲ ಹಾಗೇ. ಡಗ್ಲಸ್ ಕಾರ್ಸ್‌ವೆಲ್ 2014ರಲ್ಲಿ ರಾಜೀನಾಮೆ ಕೊಟ್ಟು ಕ್ಲ್ಯಾಕ್ಟನ್‌ನಲ್ಲಿ ಮತ್ತೆ ಗೆದ್ದು ಬಂದರು, ಆದ್ರೆ ಅದು ಅವರ ಮರ್ಯಾದೆಯ ಪ್ರಶ್ನೆ, ಕಾನೂನಿನದ್ದಲ್ಲ.

ವಿಪ್ ಮೀರಿದ್ರೂ ಸೀಟು ಹೋಗಲ್ಲ. 2024ರ ಜುಲೈನಲ್ಲಿ ಭತ್ಯೆ ಎರಡೇ ಮಕ್ಕಳಿಗೆ ಅನ್ನೋ ಮಿತಿಯ ವಿಷಯದಲ್ಲಿ ಸರ್ಕಾರದ ವಿರುದ್ಧ ಮತ ಹಾಕಿದ 7 ಲೇಬರ್ ಎಂಪಿಗಳನ್ನ ಸಂಸದೀಯ ಪಕ್ಷದಿಂದ ಆರು ತಿಂಗಳು ಹೊರಗಿಟ್ಟರು. ಎಂಪಿಗಳಾಗಿಯೇ ಇದ್ದರು. 'ರೀಕಾಲ್' ಅಂತ 2015ರ ಕಾನೂನು ಇದೆ: ಆರು ವಾರದಲ್ಲಿ ಕ್ಷೇತ್ರದ ಶೇ 10 ಮತದಾರರು ಸಹಿ ಹಾಕಿದ್ರೆ ಸೀಟು ಖಾಲಿ. ಆದ್ರೆ ಅದು ಶುರು ಆಗೋದು ಜೈಲು ಶಿಕ್ಷೆ, ಸದನದಿಂದ ಕನಿಷ್ಠ 10 ದಿನದ ಅಮಾನತು, ಭತ್ಯೆ ಲೆಕ್ಕದ ಮೋಸ ಇಂಥದ್ದಕ್ಕೆ ಮಾತ್ರ. ಪಕ್ಷಾಂತರಕ್ಕೆ ಅಲ್ಲ.

ಸಮೀಕ್ಷೆ ಏನೇ ಹೇಳಲಿ, ಮುಂದಿನ ಪಾರ್ಲಿಮೆಂಟ್ ಚುನಾವಣೆಗೆ ಕೊನೇ ದಿನ 2029ರ ಆಗಸ್ಟ್ 15. (ಹೌದು, ಆಗಸ್ಟ್ 15ನೇ!) ಪಾರ್ಲಿಮೆಂಟ್ ಸೇರಿದ್ದು 2024ರ ಜುಲೈ 9ಕ್ಕೆ, ಐದು ವರ್ಷಕ್ಕೆ ತಾನಾಗೇ ವಿಸರ್ಜನೆ, ಅಲ್ಲಿಂದ 25 ಕೆಲಸದ ದಿನ. ಅದಕ್ಕೂ ಮುಂಚೆ ಬೇಕಾದ್ರೆ ಪ್ರಧಾನಿ ಹೋಗಿ ರಾಜನ ಹತ್ರ ಕೇಳಬಹುದು, 2022ರ ಕಾನೂನಿನಿಂದ ಆ ಅಧಿಕಾರ ವಾಪಸ್ ಬಂತು. ಸಮೀಕ್ಷೆಯಲ್ಲಿ ಹಿಂದೆ ಇರೋ ಪ್ರಧಾನಿ ಯಾಕೆ ಕೇಳ್ತಾನೆ?

ಪ್ರಧಾನಿ ಬದಲಾದ್ರೂ ಚುನಾವಣೆ ಆಗಲೇಬೇಕು ಅಂತಿಲ್ಲ. 2019–24ರ ಒಂದೇ ಅವಧಿಯಲ್ಲಿ ಜಾನ್ಸನ್, ಟ್ರಸ್, ಸುನಕ್ ಮೂವರು ಆಳಿದರು. ನಮ್ಮಲ್ಲಿ 2008–13ರಲ್ಲಿ ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್ ಆದ ಹಾಗೆ. ಲೇಬರ್‌ನಲ್ಲಿ ಕೂತಿರೋ ನಾಯಕನಿಗೆ ಸವಾಲು ಹಾಕೋಕೆ ಪಕ್ಷದ ಶೇ 20 ಎಂಪಿಗಳು ಒಬ್ಬನೇ ಎದುರಾಳಿಯ ಹಿಂದೆ ನಿಲ್ಲಬೇಕು, ಅಂದ್ರೆ ಸುಮಾರು 80 ಜನ. ಗುಂಪು ಚೆದುರಿದ್ರೆ ಆಗಲ್ಲ.

ಕೋಲಾರಮ್ಮನ ಗುಡಿ ಬೀದಿ

ಮೇ 7ರ ಓಟಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಹಾಕಬಹುದು. ಕಾಮನ್‌ವೆಲ್ತ್ ಪ್ರಜೆ ಆಗಿದ್ದು ಅಲ್ಲಿ ಇರೋಕೆ ವೀಸಾ ಇದ್ರೆ ಸಾಕು, ವಿದ್ಯಾರ್ಥಿ ವೀಸಾ ಆದ್ರೂ ಸರಿ. ಸ್ಥಳೀಯ ಚುನಾವಣೆ ಮಾತ್ರ ಅಲ್ಲ, ಪಾರ್ಲಿಮೆಂಟಿಗೂ.

ಮೊದಲು ನಿಮ್ಮ ಹುಡುಗರ ಊರಲ್ಲಿ ಚುನಾವಣೆ ಇದೆಯಾ ನೋಡಿ. ಲಂಡನ್‌ನ 32 ಬರೋಗಳಲ್ಲಿ (ನಗರದೊಳಗಿನ ಸ್ಥಳೀಯ ಆಡಳಿತ ವಿಭಾಗಗಳು) ಇದೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಇದೆ, ಸ್ಕಾಟ್ಲೆಂಡ್ ಮತ್ತು ವೇಲ್ಸ್ ಶಾಸನಸಭೆಗೂ ಇದೆ. ಲೆಸ್ಟರ್ ನಗರದಲ್ಲಿ 2027ಕ್ಕೆ.

ಹೆಸರು ಸೇರಿಸೋಕೆ ಕೊನೇ ದಿನ ಏಪ್ರಿಲ್ 20ರ ಮಧ್ಯರಾತ್ರಿ. ಸರ್ಕಾರಿ ವೆಬ್‌ಸೈಟ್‌ನಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತೆ. ಹೊಸದಾಗಿ ಹೋದ ವಿದ್ಯಾರ್ಥಿ ಹತ್ರ ಅದು ಇಲ್ಲದಿದ್ರೆ ಇಲ್ಲ ಅಂತ ಕಾರಣ ಬರೆದು ಮುಂದೆ ಹೋಗಬಹುದು, ಕೌನ್ಸಿಲ್‌ನವರು ಪಾಸ್‌ಪೋರ್ಟ್ ನಕಲು ಕೇಳ್ತಾರೆ. ಅದಕ್ಕೆ ಸಮಯ ಹಿಡಿಯುತ್ತೆ, 20ರ ರಾತ್ರಿವರೆಗೆ ಕಾಯಬೇಡಿ.

ನಮ್ಮೋರಿಗೆ ತೊಡಕಾಗೋದು ಹೆಸರಿನಲ್ಲಿ. ನಮ್ಮ ಕಡೆ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾನೆ ಖಾಲಿ ಬಿಟ್ಟು ಪೂರ್ತಿ ಹೆಸರು ಒಂದೇ ಕಡೆ ಇರುತ್ತೆ, ಇಲ್ಲಾ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತೆ. ಆಮೇಲೆ ಹುಡುಗರು ಫಾರಂನಲ್ಲಿ ಅಭ್ಯಾಸಬಲದಿಂದ 'ಟಿ.ಎನ್. ರವಿ' ಅಂತ ಇನಿಷಿಯಲ್ ಹಾಕ್ತಾರೆ. ಬೇಡ. ಪಾಸ್‌ಪೋರ್ಟ್‌ನಲ್ಲಿ ಅಚ್ಚಾಗಿರೋ ಪದಗಳನ್ನೇ, ಅದೇ ಸ್ಪೆಲಿಂಗ್‌ನಲ್ಲಿ, ಎರಡು ಖಾನೆಗೆ ಹಂಚಿ ಬರೀರಿ. ಇಂಗ್ಲೆಂಡ್‌ನ ಮತಗಟ್ಟೆಯಲ್ಲಿ 2023ರ ಮೇಯಿಂದ ಫೋಟೋ ಇರೋ ಗುರುತು ಕಡ್ಡಾಯ, ಪಟ್ಟಿ ಮತ್ತು ಗುರುತಿನ ಹೆಸರು ತಾಳೆ ಆಗಬೇಕು.

ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ, ಅವಧಿ ಮುಗಿದಿದ್ರೂ ಫೋಟೋದಲ್ಲಿ ಮುಖ ಹೊಂದಿದ್ರೆ ಸಾಕು. ಇಂಡಿಯನ್ ಡ್ರೈವಿಂಗ್ ಲೈಸೆನ್ಸ್, ಆಧಾರ್, ಕಾಲೇಜ್ ಐಡಿ ನಡೆಯಲ್ಲ. ಫೋನಿನಲ್ಲಿರೋ ಪಾಸ್‌ಪೋರ್ಟ್ ಫೋಟೋನೂ ನಡೆಯಲ್ಲ. ಪಾಸ್‌ಪೋರ್ಟ್ ನವೀಕರಣಕ್ಕೆ ಕೊಟ್ಟು ಕೈಯಲ್ಲಿ ಇಲ್ಲ ಅಂದ್ರೆ ವೋಟರ್ ಅಥಾರಿಟಿ ಸರ್ಟಿಫಿಕೇಟ್ (ಓಟಿಗೆ ಅಂತಲೇ ಕೊಡೋ ಫೋಟೋ ಗುರುತಿನ ಪತ್ರ) ಪುಕ್ಕಟೆ ಸಿಗುತ್ತೆ, ಅರ್ಜಿಗೆ ಕೊನೆ ಏಪ್ರಿಲ್ 28, ಸಂಜೆ 5. ಸ್ಕಾಟ್ಲೆಂಡ್, ವೇಲ್ಸ್ ಶಾಸನಸಭೆ ಚುನಾವಣೆಗೆ ಈ ಗುರುತಿನ ರಗಳೆ ಇಲ್ಲ.

ಅಂಚೆ ಮತಕ್ಕೆ ಕೊನೆ ಏಪ್ರಿಲ್ 21, ಸಂಜೆ 5. ಇಂಗ್ಲೆಂಡ್‌ನಲ್ಲಿ 2023ರ ಅಕ್ಟೋಬರ್ 31ಕ್ಕಿಂತ ಮುಂಚೆ ಅಂಚೆ ಮತ ಮಾಡಿಸಿದವರದ್ದು 2026ರ ಜನವರಿ 31ಕ್ಕೆ ಮುಗಿದಿದೆ, ಮತ್ತೆ ಹಾಕಬೇಕು. ಅಂಚೆ ಮತ ತಿರಸ್ಕಾರ ಆಗೋದು ಇಂಥ ತಪ್ಪುಗಳಿಗೆ: ಜನ್ಮದಿನದ ಜಾಗದಲ್ಲಿ ಇವತ್ತಿನ ತಾರೀಕು ಬರೀತಾರೆ, ಇಲ್ಲಾ ಅರ್ಜಿಯಲ್ಲಿ ಕನ್ನಡ ಸಹಿ, ಇಲ್ಲಿ ಇಂಗ್ಲಿಷ್ ಸಹಿ.

ಶಿರಾ ಗೇಟ್

ಒಂದು ಸೇರಿಸ್ತೀನಿ. ನಾನು ಮೇಲೆ ಹೇಳಿದ ಗೋಡೆ ಲೆಕ್ಕ ವೇಲ್ಸ್‌ನ ಸೆನೆಡ್‌ಗೆ, ಅಂದ್ರೆ ಅಲ್ಲಿನ ಶಾಸನಸಭೆಗೆ, 2026ರಲ್ಲಿ ಅನ್ವಯ ಆಗಲ್ಲ. ಅಲ್ಲಿ 16 ಕ್ಷೇತ್ರ, ಒಂದೊಂದಕ್ಕೆ 6 ಜನ, ಒಟ್ಟು 96. ಮತ ಪಕ್ಷಕ್ಕೆ, ಹಂಚಿಕೆ ಡಿ'ಹಾಂಟ್ ವಿಧಾನದಲ್ಲಿ. ಪಕ್ಷದ ಮತವನ್ನ ಅದು ಈಗಾಗಲೇ ಪಡೆದ ಸೀಟಿಗೆ ಒಂದು ಕೂಡಿಸಿ ಭಾಗಿಸ್ತಾ ಹೋಗೋದು. ಶೇ 35, 30, 14, 12, 9 ಅಂತ ಬಿದ್ದಿದೆ ಅನ್ನಿ. ಮೊದಲ ಸೀಟು 35ಕ್ಕೆ, ಅದು 17.5 ಆಯ್ತು. ಎರಡನೇದು 30ಕ್ಕೆ, ಅದು 15 ಆಯ್ತು. ಮೂರನೇದು 17.5ಕ್ಕೆ, ನಾಲ್ಕು 15ಕ್ಕೆ, ಐದು 14ಕ್ಕೆ, ಆರು 12ಕ್ಕೆ. ಅಂದ್ರೆ 2, 2, 1, 1, ಸೊನ್ನೆ. ಶೇ 12 ಬಂದವನಿಗೂ ಒಂದು, ಶೇ 9 ಬಂದವನ ಮತ ನೀರಲ್ಲಿ ಹೋಮ. ಕೇರ್‌ಫಿಲಿಯಲ್ಲಿ ಆದ ಹಾಗೆ ಎಲ್ಲರೂ ಒಬ್ಬನ ಹಿಂದೆ ಓಡೋ ಅಗತ್ಯ ಇಲ್ಲಿ ಅಷ್ಟಿಲ್ಲ.

ಕಲ್ಪತರು (ತುಮಕೂರು)

ಈಗ ತಲೆಗೆ ಹೋಯ್ತು, ಥ್ಯಾಂಕ್ಸ್. ಕೊನೇದೊಂದು: ಲಂಡನ್ ಬ್ಯಾಲೆಟ್‌ನಲ್ಲಿ ಮೂರು ಗುರುತು ಹಾಕಬೇಕು ಅಂತಾರೆ, ಹೌದಾ? ಅಭ್ಯರ್ಥಿಗಳಲ್ಲಿ ಯಾರೂ ಬೇಡ ಅಂದ್ರೆ ನೋಟಾ ಇದೆಯಾ?

ಕೋಲಾರಮ್ಮನ ಗುಡಿ ಬೀದಿ

ಲಂಡನ್‌ನ ಬಹಳ ವಾರ್ಡ್‌ಗಳಲ್ಲಿ ಮೂವರು ಕೌನ್ಸಿಲರ್, ಹಾಗಾಗಿ ಮೂರು ಇಂಟು ಗುರುತಿನವರೆಗೆ ಹಾಕಬಹುದು. ಒಂದೇ ಹಾಕಿದ್ರೂ ಮತ ಸಿಂಧು. ನಾಲ್ಕು ಹಾಕಿದ್ರೆ ಇಡೀ ಚೀಟಿ ರದ್ದು. ಕೆಲವು ವಾರ್ಡ್‌ನಲ್ಲಿ ಇಬ್ಬರೇ, ಚೀಟಿಯ ತಲೆಯಲ್ಲಿ ಎಷ್ಟು ಅಂತ ಅಚ್ಚಾಗಿರುತ್ತೆ, ಅದನ್ನ ಓದಿ. ನೋಟಾ ಇಲ್ಲ, ಇವಿಎಂ ಇಲ್ಲ, ಬೆರಳಿಗೆ ಶಾಯಿನೂ ಇಲ್ಲ. ಕಾಗದ, ದಾರ ಕಟ್ಟಿದ ಪೆನ್ಸಿಲ್. ಪೆನ್ಸಿಲ್ ನಂಬದೋರು ಸ್ವಂತ ಪೆನ್ನು ತಗೊಂಡು ಹೋಗಬಹುದು, ಆದ್ರೆ ಇಂಕು ಒಣಗೋ ಮುಂಚೆ ಮಡಚಿದ್ರೆ ಗುರುತು ಇನ್ನೊಬ್ಬನ ಖಾನೆಗೂ ಅಂಟುತ್ತೆ.